ಪರದೆಯ ಹಿಂದಿನವಳು

"ಮೇಡಂ, ನಿಮ್ಮನ್ನೂ ಸೇರಿಸಿ ನಾವಿರೋದು ಹನ್ನೆರಡೇ ಜನ. ಪುಟದ ಮೂಲೇಲಿ ಓದುಗರು ಹದಿಮೂರು ಅಂತಿದೆಯಲ್ಲ!" ಎಂದಳು ಮುಂದಿನ ಸಾಲಿನ ಹುಡುಗಿ.

"ಗೋಡೆ ಓದ್ತಿರಬೇಕು ಬಿಡೇ," ಎಂದು ಪಕ್ಕದವಳು ಕಿಸಕ್ಕನೆ ನಕ್ಕಳು.

ಉಪನ್ಯಾಸಕಿ ನಗಲಿಲ್ಲ. ತರಗತಿ ಕಂಪ್ಯೂಟರಿನಲ್ಲಿ ಓದುತ್ತಿದ್ದ ಹಳೆಯ ಜಪಾನಿ ಕಥೆಯಲ್ಲಿ ಒಬ್ಬಳು ಪರದೆಯ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಯಾರೆಂದು ಕಥೆ ಹೇಳುವುದಿಲ್ಲ. ಆ ಸಾಲನ್ನು ಒತ್ತಿದರೆ ಟಿಪ್ಪಣಿ ತೆರೆಯುತ್ತದೆ. ಅದರಲ್ಲಿ 'ಇವಳು ಸತ್ತ ಹೆಂಡತಿ' ಎಂದು ಬರೆದಿದ್ದವಳು ಉಪನ್ಯಾಸಕಿಯ ಅಕ್ಕ. ಕಥೆಯ ತುಂಬ ಇಂಥ ನೂರಾರು ಕೊಂಡಿಗಳನ್ನು ಅಕ್ಕ-ತಂಗಿ ಸೇರಿಯೇ ಹೆಣೆದಿದ್ದರು; ಈ ಒಂದಕ್ಕೆ ಮಾತ್ರ ಮಾತು ಬಿಡುವಷ್ಟು ಜಗಳವಾಡಿದ್ದರು. ಅಕ್ಕ ತೀರಿಕೊಂಡು ವರ್ಷವಾಯಿತು. ಇವತ್ತು ಬೆಳಿಗ್ಗೆ ತಂಗಿ ಅದನ್ನು ಅಳಿಸಿ, 'ಇವಳು ದಾಸಿ' ಎಂದು ಬರೆದಿದ್ದಳು.

ಯಾರು ಎಲ್ಲಿ ಓದುತ್ತಿದ್ದಾರೆಂದು ತೋರಿಸುವ ಹನ್ನೆರಡು ಚುಕ್ಕಿಗಳು ಪುಟದ ತುಂಬ ಓಡಾಡುತ್ತಿದ್ದವು. ಹದಿಮೂರನೆಯದು ಆ ಸಾಲಿನ ಮೇಲೆ ಕೂತದ್ದು ಕದಲಲೇ ಇಲ್ಲ. ಉಪನ್ಯಾಸಕಿ 'ದಾಸಿ'ಯನ್ನು ಅಳಿಸಿದಳು. ಅಕ್ಕನ ಟಿಪ್ಪಣಿಯನ್ನು ಇದ್ದಂತೆಯೇ ವಾಪಸ್ ಹಾಕಿದಳು. ಹದಿಮೂರು ಹನ್ನೆರಡಾಯಿತು.

"ಮೇಡಂ," ಎಂದಳು ಹುಡುಗಿ, "ಟಿಪ್ಪಣಿ ಕೆಳಗೆ 'ಈಗಲಾದ್ರೂ ಒಪ್ಕೊಂಡ್ಯಲ್ಲ, ಪುಟ್ಟೀ' ಅಂತ ಬಂದಿದೆ. ಈ ಪುಟ್ಟಿ ಯಾವ ಪಾತ್ರ?"