ಇನ್ನೊಂದು ಟಿಕ್

ರೇಸು ಶುರುವಾಗಲು ಆರು ನಿಮಿಷವಿತ್ತು. ದರ್ಜಿ ಅಪ್ಪ ನಡುರಸ್ತೆಯಲ್ಲೇ ಮಂಡಿಯೂರಿ, ಮಗಳ ಸೈಕ್ಲಿಂಗ್ ಶೂಗಳ ಮೇಲಿನ ಗುಂಡನೆಯ ತಿರುಪನ್ನು ತಿರುಗಿಸುತ್ತಿದ್ದ. ಒಂದೊಂದು ಟಿಕ್ ಸದ್ದಿಗೂ ಲೇಸಿನ ಬದಲಿಗಿದ್ದ ತಂತಿ ಪಾದವನ್ನು ಇನ್ನಷ್ಟು ಬಿಗಿಯುತ್ತಿತ್ತು.

"ಸಡಿಲ ಇದ್ರೆ ಕಾಲಿನ ಶಕ್ತಿಯೆಲ್ಲ ಶೂನೇ ತಿಂದ್ಬಿಡುತ್ತೆ ಕಣೇ. ಇನ್ನೊಂದು ಟಿಕ್."

ಅವಳು ಹಲ್ಲು ಕಚ್ಚಿಕೊಂಡಳು. ಹೋದ ತಿಂಗಳ ರೇಸನ್ನು ಅರ್ಧಕ್ಕೇ ಬಿಟ್ಟಾಗ ತಪ್ಪನ್ನೆಲ್ಲ ಎದುರುಗಾಳಿಯ ಮೇಲೆ ಹೊರಿಸಿದ್ದಳು. ನಿಜವೇನೆಂದರೆ, ಇಪ್ಪತ್ತನೇ ಕಿಲೋಮೀಟರಿಗೆ ಕಾಲ್ಬೆರಳುಗಳು ಜೋಮು ಹಿಡಿದು, ಕಾಲು ತನ್ನದೋ ಪಕ್ಕದವಳದೋ ತಿಳಿಯದಂತಾಗಿತ್ತು. ಅಪ್ಪ ನಾಲ್ಕು ಅಂಗಡಿ ಅಲೆದು ಆರಿಸಿ ತಂದ ಶೂ. ದೂರಲು ಬಾಯಿ ಎಲ್ಲಿಂದ ಬರಬೇಕು? ಆದರೆ ಇವತ್ತೂ ಬಿಟ್ಟರೆ ತಂಡದಿಂದ ಹೆಸರು ಹೊಡೆದುಹಾಕುವುದಾಗಿ ಕೋಚ್ ಖಡಾಖಂಡಿತವಾಗಿ ಹೇಳಿದ್ದರು.

ಮೂರು ನಿಮಿಷ ಎಂದು ಮೈಕು ಕೂಗಿತು. ಅಪ್ಪನ ಕೈ ಮತ್ತೆ ತಿರುಪಿಗೆ ಹೋಯಿತು. ಅವಳು ಆ ಕೈಯನ್ನು ಹಿಡಿದುಬಿಟ್ಟಳು.

"ಅಪ್ಪಾ, ಊರೋರ ಎದೆ ಅಳತೆ ತಗೊಳ್ಳುವಾಗ ಟೇಪಿನೊಳಗೆ ಎರಡು ಬೆರಳು ಇಟ್ಕೋತೀಯಲ್ಲ, ಯಾಕೆ?"

"ಅವರು ಉಸಿರಾಡ್ಬೇಕಲ್ಲಮ್ಮ! ಈಗ್ಯಾಕೆ ಆ ಪುರಾಣ?"

"ನನ್ನ ಕಾಲು ಉಸಿರಾಡ್ತಿಲ್ಲಪ್ಪ. ಹೋದ್ಸಲ ಗಾಳಿ ಅಲ್ಲ, ಇದೇ ಆಗಿದ್ದು."

ಗಿರಾಕಿಯ ಕಣ್ಣೆದುರೇ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದವನಂತೆ ಅಪ್ಪನ ಮುಖ ಸಣ್ಣದಾಯಿತು. ಹುಟ್ಟಿದಾಗಿನಿಂದ ಅವಳ ಅಳತೆಯನ್ನು ಬರೀ ಕಣ್ಣಲ್ಲೇ ತೆಗೆದಿದ್ದವನು, ಮೊದಲ ಬಾರಿಗೆ ತಲೆಯೆತ್ತಿ ಕೇಳಿದ:

"ಎಷ್ಟು ಸಡಿಲ ಮಾಡ್ಲಿ? ನೀನೇ ಹೇಳು."