ಕಾಗೆ ಮುಟ್ಟದ ಎಡೆ

ತಿಥಿಯ ಎಡೆ ಇಟ್ಟು ಗಂಟೆಯಾದರೂ ಕಾಗೆ ಮುಟ್ಟಲಿಲ್ಲ. ತೀರಿಕೊಂಡವರು ಮೊದಲು ಸೈನಿಕರಾಗಿದ್ದು, ಆಮೇಲೆ ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಏನೋ ಕೊರಗು ಉಳಿಸಿಕೊಂಡೇ ಹೋಗಿದ್ದಾರೆ ಎಂದರು ಹಿರಿಯರು.

ಮಗ ನೇರ ಹೋಗಿ, ಗೇಟಿನ ಬಳಿ ನಿಂತಿದ್ದ ಮುದುಕನ ಕೊರಳಪಟ್ಟಿ ಹಿಡಿದ.

“ನೀನ್ಯಾಕೋ ಬಂದೆ? ಅಪ್ಪ ಸತ್ತಿದ್ದು ಖಾತ್ರಿ ಮಾಡ್ಕೊಳ್ಳೋಕಾ?”

“ಹೂಂ. ಆರು ವರ್ಷ ಜೈಲಿಗೆ ಕಳಿಸಿದೋರು. ನೋಡ್ದೆ ಇರಕಾಯ್ತದಾ?”

“ಯುದ್ಧದಲ್ಲಿ ಸತ್ತೋರು ಯಾರೂ ಅವರ ಕನಸಿಗೆ ಬರಲಿಲ್ಲ. ಬಂದಿದ್ದು ನೀನು! ತಪ್ಪು ಮಾಡದವನನ್ನ ಒಳಗೆ ಹಾಕ್ಬಿಟ್ನಾ ಅಂತ ಸಾಯೋವರೆಗೂ ಒದ್ದಾಡಿದ್ರು.”

“ಒದ್ದಾಡ್ಲಿ ಅಂತಾನೇ ವರ್ಷಾ ವರ್ಷಾ ನಿಮ್ಮ ಬಾಗ್ಲಿಗೆ ಬಂದು, ಆ ಚಿನ್ನದ ಸರ ನಾನು ಕದ್ದಿಲ್ಲ ಅಂತ ಹೇಳಿ ಹೋಗ್ತಿದ್ದೆ.”

“ಈಗಲಾದ್ರೂ ಕ್ಷಮಿಸಿದೀನಿ ಅನ್ನು.”

“ಅನ್ನಕಿಲ್ಲ.”

ಮಗನ ಕೈ ಸಡಿಲವಾಯಿತು. ಎಲೆಯ ಮೇಲಿನ ಅನ್ನ ಒಣಗುತ್ತಿತ್ತು. ಮುದುಕ ಅದನ್ನೇ ದಿಟ್ಟಿಸಿದ. ಮೆಟ್ಟು ಬಿಟ್ಟು ಒಳಗೆ ಬಂದು, ಎಡೆಯ ಮುಂದೆ ಕುಕ್ಕರಿಸಿದ.

“ಸಾಹೇಬ್ರೇ,” ಎಂದ ಹಲ್ಲು ಕಚ್ಚಿ, “ಆ ಸರ ಕದ್ದಿದ್ದು ನಾನೇ.”

ತೆಂಗಿನ ಗರಿಯಿಂದ ಕಾಗೆ ಇಳಿದು ವಡೆಗೆ ಕೊಕ್ಕು ಹಾಕಿತು.