ಅತ್ತೆ ಕಲಿಸಿದ ಮೀಂಡ್

ಬೆರಳ ತುದಿಗೆ ಕೊಬ್ಬರಿ ಎಣ್ಣೆ ತಾಕಿದರೆ ಇಂದಿಗೂ ಹುಕ್ಕೇರಿಯ ನಮ್ಮ ಪಡಸಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಗಂಡನ ಮನೆ ಬಿಟ್ಟು ಬಂದಿದ್ದ ಸೋದರತ್ತೆ ನನಗೆ ಸಿತಾರದಲ್ಲಿ ಮೀಂಡ್ ಕಲಿಸುತ್ತಿದ್ದಳು. ತಂತಿಯನ್ನು ಒತ್ತಿ ಬದಿಗೆಳೆದು, ಒಂದು ಸ್ವರದಿಂದ ಮೇಲಿನ ಸ್ವರಕ್ಕೆ ಜಾರಬೇಕು. ನಾನು ಎಳೆದಾಗಲೆಲ್ಲ ಅದು ಬೆಕ್ಕಿನಂತೆ ಕೂಗುತ್ತಿತ್ತು.

"ಅತ್ತಿ, ಬೆರಳ ಉರಿಯಾಕತ್ತೈತಿ."

"ಎಣ್ಣಿ ಹಚ್ಕೊ. ಜೋರ ಮಾಡಬ್ಯಾಡ. ಮೊದಲ ಮನಸಿನ್ಯಾಗ ಆ ಸ್ವರಾ ಕೇಳು, ಆಮ್ಯಾಲ ಎಳಿ."

ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಮೂಡಲಗಿಯಿಂದ ಅವಳ ಗಂಡನ ಅಣ್ಣ ಎತ್ತಿನ ಚಕ್ಕಡಿ ಹೂಡಿಕೊಂಡು ಬಂದರು. ಅಪ್ಪನೊಡನೆ ಅರ್ಧ ತಾಸು ಮಾತಾಡಿದರು. ಅತ್ತೆಯನ್ನು ಯಾರೂ ಏನೂ ಕೇಳಲಿಲ್ಲ. ಅವಳು ಟ್ರಂಕಿನ ಜೊತೆ ಸಿತಾರವನ್ನೂ ಎತ್ತಿಕೊಂಡಾಗ ಅವರು, "ಅದು ಇಲ್ಲೇ ಇರಲಿ ಬಿಡವಾ. ನಮ್ಮ ಮನ್ಯಾಗ ಇದೆಲ್ಲಾ ನಡಿಯಂಗಿಲ್ಲ" ಎಂದರು.

ಅತ್ತೆ ಸಿತಾರವನ್ನು ನನ್ನ ತೊಡೆಯ ಮೇಲಿಟ್ಟಳು. "ಇನ್ನೊಮ್ಮಿ ಎಳಿ, ಕೇಳಿ ಹೋಗ್ತೀನಿ."

ಕಣ್ಣು ಮುಚ್ಚಿ ಎಳೆದೆ. ಸ್ವರ ನಡುಗದೆ ಏರಿ ನಿಂತಿತು.

"ಹ್ಞಾಂ, ಬಂತು ನೋಡವ್ವಿ" ಎಂದು ಅವಳು ನನ್ನ ಗಲ್ಲ ಹಿಡಿದಳು.

ಆ ಹಿಗ್ಗಿನಲ್ಲಿ ಅಜ್ಜಿಗೆ ಹೇಳಲು ಅಡುಗೆಮನೆಗೆ ಓಡಿದೆ. ಹೊರಗೆ ಬರುವಷ್ಟರಲ್ಲಿ ಚಕ್ಕಡಿ ಓಣಿಯ ತಿರುವು ದಾಟಿತ್ತು.